ನೂರಡಿ ಆಚೆಯ ಆಂಬ್ಯುಲೆನ್ಸು

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿ ಅಂಟು. ಗ್ಯಾರೆಟ್ ಅದನ್ನು ಸ್ವಲ್ಪ ಕಮ್ಮಿ ಬಳಿದಿದ್ದರೆ ವರ್ಲಿನ್ ಸ್ಟ್ರೂಪ್ ಇವತ್ತಿಗೂ ನಮ್ಮ ಟಿಲ್ಲರ್ಸ್ ಬೆಂಡ್ ಊರಿನಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿರುತ್ತಿದ್ದ. ಈಗಲೂ ಓಡಾಡುತ್ತಾನೆ, ಕಂಡವರೆಲ್ಲ ಟೋಪಿ ಎತ್ತಿ ಮರ್ಯಾದೆ ಕೊಡುತ್ತಾರೆ. ಅವನ ಸಂಕಟ ಇರುವುದೇ ಅಲ್ಲಿ.

ನಮ್ಮೂರಿಗೆ ಇರುವುದು ಒಂದೇ ಆಂಬ್ಯುಲೆನ್ಸು. ಅದರ ಖರ್ಚಿಗೆ ಮನೆಮನೆಗೆ ಒಂದು ಸಣ್ಣ ತೆರಿಗೆ ಹಾಕಬೇಕು, ಹಾಕುವುದಕ್ಕೆ ಊರಿನವರ ಒಪ್ಪಿಗೆ ಬೇಕು. ಆ ವರ್ಷ ಮತಪತ್ರದಲ್ಲಿ ಗವರ್ನರ್ ಯಾರಾಗಬೇಕು, ಶೆರಿಫ್ ಯಾರಾಗಬೇಕು ಎಂಬುದೆಲ್ಲ ಮುಗಿದ ಮೇಲೆ, ತೀರಾ ಕೆಳಗೆ, ಈ ಪ್ರಶ್ನೆಯನ್ನೂ ಅಚ್ಚು ಹಾಕಿದ್ದರು. ಬೇಡ ಅಂತ ಆದರೆ ಹೊಸ ವರ್ಷದಿಂದ ಗಾಡಿ ಇಲ್ಲ. ಎದೆ ಹಿಡಿದುಕೊಂಡವರು ಗುಡ್ಡದಾಚೆಯ ಊರಿನಿಂದ ಗಾಡಿ ಬರುವ ತನಕ ಕಾಯಬೇಕು, ಹಿಮ ಬಿದ್ದು ದಾರಿ ಮುಚ್ಚಿದರೆ ಅದೂ ಬರುವುದಿಲ್ಲ. ವರ್ಲಿನನ ಹೆಂಡತಿ ನೆಡ್ರಾಳ ಶ್ವಾಸಕೋಶ ಹಾಳಾಗಿ ವರ್ಷಗಳಾಗಿದ್ದವು. ಮೂಗಿಗೆ ನಳಿಕೆ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳನ್ನು ಉಳಿಸಿದ್ದು ಆ ಗಾಡಿಯೇ. ಈ ತೆರಿಗೆ ಬಿದ್ದುಹೋದರೆ ಮುಂದಿನ ಚಳಿಗಾಲ ಅವಳ ಪಾಲಿಗೆ ಕಡೆಯದು ಅಂತ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೇ.

ಅದೂ ಅಲ್ಲದೆ ವರ್ಲಿನ್ ಬಾಯಿ ಬಿಡುವ ಹಾಗೂ ಇರಲಿಲ್ಲ. ಮಂಗಳವಾರದ ಚುನಾವಣೆಗೆ ಬರಲಾಗದವರಿಗೆಂದು ಅದಕ್ಕೆ ಮೊದಲೇ ನಡೆಸುವ ಮುಂಗಡ ಮತದಾನಕ್ಕೆ ನಮ್ಮೂರಲ್ಲಿ ಅವನೇ ಅಧಿಕಾರಿ. ಅಗ್ನಿಶಾಮಕ ಠಾಣೆಯ ಹಜಾರದಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಬಾಗಿಲಿನಿಂದ ನೂರಡಿಯೊಳಗೆ ಯಾರೂ ಪ್ರಚಾರ ಮಾಡಬಾರದು ಎಂಬ ನಿಯಮವನ್ನು ಅವನು ಪಾಲಿಸಿದ ರೀತಿ ನೋಡಬೇಕಿತ್ತು. ಅಭ್ಯರ್ಥಿಯ ಹೆಸರಿದ್ದ ಅಂಗಿ ತೊಟ್ಟು ಬಂದವನನ್ನು ಕಕ್ಕಸಿಗೆ ಕಳಿಸಿ ಅಂಗಿ ಒಳಹೊರಗು ಮಾಡಿಸಿದ. ‘ತೆರಿಗೆಗೆ ಹೂಂ ಅನ್ನಿ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಬಂದಿದ್ದ ಸ್ವಂತ ಹೆಂಡತಿಯನ್ನು ಬಾಗಿಲಿನಿಂದಲೇ ಕಾರಿಗೆ ವಾಪಸು ಅಟ್ಟಿದ. ಅವಳು ದಮ್ಮು ಕಟ್ಟಿಕೊಂಡು ಹೋಗಿ, ಬಿಲ್ಲೆ ಕಿತ್ತಿಟ್ಟು, ಮತ್ತೆ ದಮ್ಮು ಕಟ್ಟಿಕೊಂಡು ಬಂದಳು. ಇಂಥ ಮನುಷ್ಯ.

ಮುಂಗಡ ಮತದಾನದ ಕೊನೆಯ ಶನಿವಾರ ಬೆಳಿಗ್ಗೆ ಆಂಬ್ಯುಲೆನ್ಸ್ ಓಡಿಸುವ ಗ್ಯಾರೆಟ್ ಗಾಡಿಯನ್ನು ಠಾಣೆಯ ಮುಂದೆ ತಂದು ನಿಲ್ಲಿಸಿದ. ಗಾಡಿಯ ಎರಡೂ ಪಕ್ಕೆಗೆ ಬಾಗಿಲಷ್ಟು ಉದ್ದದ ಕಾಗದ ಅಂಟಿಸಿದ್ದ: ‘ನಾನು ಬೇಕಾದರೆ ಹೂಂ ಅನ್ನಿ.’ ಪಕ್ಕದೂರಿನ ಸಂತೆಯಲ್ಲಿ ಸುತ್ತಾಡಿಸಲಿಕ್ಕೆ ಅಂಟಿಸಿದ್ದಂತೆ. ಬರುವ ದಾರಿಯಲ್ಲಿ ಕಿತ್ತುಹಾಕೋಣ ಅಂದುಕೊಂಡಿದ್ದನಂತೆ. ಕೀಳಲು ಹೋದರೆ ಬಣ್ಣ ಕಿತ್ತು ಬಂತೇ ಹೊರತು ಕಾಗದ ಬರಲಿಲ್ಲ.

ಒಳಗೆ ತೆರಿಗೆ ವಿರೋಧಿಗಳ ಪರವಾಗಿ ಮೇಲ್ವಿಚಾರಣೆಗೆ ಕೂತಿದ್ದವರು ಥೆಲ್ಮಾ ಪಿಕ್‌ನಲ್. ವರ್ಲಿನನಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಟೀಚರು. ಕಿಟಕಿಯಿಂದ ಗಾಡಿ ಕಂಡದ್ದೇ ತಡ, ಕೈಚೀಲದಿಂದ ಅಳತೆಪಟ್ಟಿ ತೆಗೆದು ಎದ್ದರು. "ಅಂಗಿ ಬಿಚ್ಚಿಸ್ತೀಯ, ಇದನ್ನ ಬಿಡ್ತೀಯೇನೋ ವರ್ಲಿನ್? ಈ ಗಾಡಿ ಇಲ್ಲೇ ನಿಂತ್ರೆ ಇವತ್ತು ಬಿದ್ದ ಅಷ್ಟೂ ವೋಟಿಗೆ ತಕರಾರು ಹಾಕ್ತೀನಿ" ಅಂದರು. ಹಾಕುತ್ತಾರೆ ಅಂತ ಅವನಿಗೂ ಗೊತ್ತಿತ್ತು. ಗಾಡಿಯನ್ನು ಶೆಡ್ಡಿನೊಳಗೆ ಇಟ್ಟು ಬಾಗಿಲು ಹಾಕುತ್ತೇನೆ ಅಂತ ಗ್ಯಾರೆಟ್ ಅಂದ. ಕರೆ ಬಂದಾಗ ಬಾಗಿಲು ತೆಗೆಯಲೇಬೇಕಲ್ಲ, ಆಗ ಅದು ಪ್ರಚಾರವಲ್ಲವೋ ಅಂತ ಟೀಚರು ಕೇಳಿದರು. ಹಾಗಾದರೆ ಗಾಡಿ ನೂರಡಿ ಆಚೆ ಹೋಗಲಿ ಅಂತ ವರ್ಲಿನ್ ತೀರ್ಮಾನ ಕೊಟ್ಟ.

ನೂರಡಿ ಆಚೆ ಒಂದು ಕಡೆ ಹಳ್ಳ, ಇನ್ನೊಂದು ಕಡೆ ಗಾಡಿ ನಿಲ್ಲಿಸಬಾರದ ಹೆದ್ದಾರಿ. ಉಳಿದದ್ದು ಕುಯ್ಲಾದ ಜೋಳದ ಹೊಲ. ವಾರವಿಡೀ ಸುರಿದ ಮಳೆಗೆ ಅದು ಅಂಬಲಿಯಾಗಿತ್ತು. ಟೀಚರು ಪಟ್ಟಿಯ ಒಂದು ತುದಿ ಹಿಡಿದರು, ವರ್ಲಿನ್ ಇನ್ನೊಂದು ತುದಿ ಹಿಡಿದ. ಗ್ಯಾರೆಟ್ ಬೈದುಕೊಂಡೇ ಗಾಡಿ ಇಳಿಸಿದ. ಹಿಂದಿನ ಚಕ್ರ ಅರ್ಧ ಹೂತ ಮೇಲೆ ನೂರಡಿ ಸರಿಯಾಯಿತು.

ಮಧ್ಯಾಹ್ನ ಹೋಬರ್ಟ್ ಕ್ರೌಸ್ ಹೆಂಡತಿ ಇಮೊಜೀನಳ ಕೈಹಿಡಿದುಕೊಂಡು ಬಂದರು. ಹಾಲಿನ ಡೇರಿ ನಡೆಸಿ ಸುಸ್ತಾದ ಮುದುಕರು, ಮುಚ್ಚುಮರೆ ಇಲ್ಲದ ಬಾಯಿ. ತೆರಿಗೆಗೆ ತನ್ನದು ಹೂಂ ಅಂತ ಕ್ಷೌರದಂಗಡಿಯಿಂದ ಹಿಡಿದು ಚರ್ಚಿನವರೆಗೆ ಸಾರಿಕೊಂಡು ಬಂದಿದ್ದರು. ಸಾಲಿನಲ್ಲಿ ನಿಂತಿದ್ದವರು ಇದ್ದಕ್ಕಿದ್ದ ಹಾಗೆ ಬೂದಿಬಣ್ಣಕ್ಕೆ ತಿರುಗಿ ಕುಸಿದರು.

ಜನ ಆಂಬ್ಯುಲೆನ್ಸಿಗೆ ಕೂಗಿಕೊಂಡರು. ಅದು ಹೊಲದಲ್ಲಿತ್ತು. ಗ್ಯಾರೆಟ್ ಮತ್ತು ಇನ್ನಿಬ್ಬರು ಮುದುಕರನ್ನು ಸ್ಟ್ರೆಚರಿನ ಮೇಲೆ ಹಾಕಿಕೊಂಡು ಕೆಸರಿನಲ್ಲಿ ಜಾರುತ್ತ, ಒಮ್ಮೆ ಬೀಳಿಸಿಯೂ ಬಿಟ್ಟು, ಗಾಡಿಗೆ ಮುಟ್ಟಿಸಿದರು. ಗಾಡಿ ಮಾತ್ರ ಕದಲಲಿಲ್ಲ. ಚಕ್ರ ತಿರುಗಿದಷ್ಟೂ ಇಳಿಯಿತು. ಟ್ರಾಕ್ಟರಿಗೆ ಆಳು ಓಡಿದ. ಅಷ್ಟರಲ್ಲಿ ಆಮ್ಲಜನಕ ಹಿಡಿದದ್ದಕ್ಕೆ ಹೋಬರ್ಟರ ಮುಖಕ್ಕೆ ಸ್ವಲ್ಪ ರಕ್ತ ಬಂತು, ಅದರ ಜೊತೆ ಮಾತೂ ಬಂತು. ಎಲ್ಲಿಗೆ ಕರೆದುಕೊಂಡು ಹೋಗುವುದಾದರೂ ವೋಟು ಹಾಕಿಸಿಕೊಂಡು ಹೋಗಿ ಅಂತ ಹಠ ಹಿಡಿದರು.

ಒಳಗೆ ಬರಲಾಗದವರಿಗೆ ಮತಪತ್ರವನ್ನು ಅವರ ಗಾಡಿಗೇ ಒಯ್ದು ಕೊಡಬಹುದು. ಅದಕ್ಕೆ ನಿಯಮ ಇದೆ. ಆದರೆ ಮತಪತ್ರ ನೂರಡಿ ದಾಟಿ ಹೋಗಬಾರದು. ಈ ಗಾಡಿ ನೂರಡಿಯೊಳಗೆ ಬರಬಾರದು. ವರ್ಲಿನ್ ಕೆಸರಿನ ಅಂಚಿನಲ್ಲಿ ಮತಪತ್ರ ಹಿಡಿದುಕೊಂಡು ನಿಂತ. ಇಮೊಜೀನ್ ಅಳುತ್ತಿದ್ದಳು, ಗ್ಯಾರೆಟ್ ಬೈಯುತ್ತಿದ್ದ, ಟೀಚರು ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಕೊನೆಗೆ ಚರ್ಚಿನ ಹೆಂಗಸರು ಲಾಟರಿಗೆ ಇಟ್ಟಿದ್ದ ಎರಡು ಕೌದಿ ನೆನಪಾಗಿ ತರಿಸಿದ. ಟ್ರಾಕ್ಟರು ಗಾಡಿಯನ್ನು ಎಳೆದು ಮೇಲಕ್ಕೆ ತಂದಾಗ ಎರಡೂ ಪಕ್ಕೆಗೆ ಹೂವಿನ ಕೌದಿ ಹೊದ್ದುಕೊಂಡು ಅದು ಮದುವೆ ಮನೆಗೆ ಹೊರಟ ಹಾಗಿತ್ತು. ಟೀಚರು ಬಗ್ಗಿ ನೋಡಿ, ಒಂದು ಅಕ್ಷರದ ಬಾಲ ಕಾಣುತ್ತಿದೆ ಅಂದರು. ಅದಕ್ಕೂ ಪಿನ್ನು ಹಾಕಿದರು.

ನಿಯಮದಂತೆ, ಹಜಾರದಲ್ಲಿ ತನ್ನ ಕೈಕೆಳಗೆ ಕೂತಿದ್ದ ಇನ್ನೊಂದು ಪಕ್ಷದ ಸಹಾಯಕ ಅಧಿಕಾರಿಯನ್ನೂ ಜೊತೆಗೆ ಕರೆದುಕೊಂಡು ವರ್ಲಿನ್ ಗಾಡಿ ಹತ್ತಿದ. ಹೋಬರ್ಟ್ ಯಾರಿಗೂ ಕಾಣದ ಹಾಗೆ ಎದೆಗವಚಿಕೊಂಡು ಗುರುತು ಹಾಕಿದರು, ಲಕೋಟೆಗೆ ಹಾಕಿ ಅಂಟಿಸಿದರು, ಮೇಲೆ ರುಜು ಮಾಡಿದರು. ಇಮೊಜೀನಳನ್ನೂ ಹತ್ತಿಸಿಕೊಂಡು ಗಾಡಿ ಕೂಗಿಕೊಂಡು ಗುಡ್ಡ ಹತ್ತಿತು. ಕೌದಿ ಬಿಚ್ಚಲು ಯಾರಿಗೂ ನೆನಪಾಗಲಿಲ್ಲ.

ಮತದಾನ ಮುಗಿದು ವರ್ಲಿನ್ ಒಬ್ಬನೇ ಲಕೋಟೆ ಜೋಡಿಸುತ್ತಿದ್ದಾಗ ಗ್ಯಾರೆಟ್ ಆಸ್ಪತ್ರೆಯಿಂದ ಫೋನು ಮಾಡಿದ. ಹೋಬರ್ಟ್ ಹೋಗಿಬಿಟ್ಟರು. ಮೊದಲೇ ಹೊರಟಿದ್ದರೆ ಉಳಿಯುತ್ತಿದ್ದರೇ ಅಂತ ವರ್ಲಿನ್ ಕೇಳಲಿಲ್ಲ.

ನಮ್ಮ ರಾಜ್ಯದ ನಿಯಮ ಹೀಗಿದೆ: ಮುಂಗಡವಾಗಿ ವೋಟು ಹಾಕಿದವರು ಚುನಾವಣೆಯ ದಿನಕ್ಕೆ ಮೊದಲೇ ಸತ್ತರೆ ಆ ವೋಟು ಲೆಕ್ಕಕ್ಕಿಲ್ಲ. ಸುದ್ದಿ ತಿಳಿದ ಅಧಿಕಾರಿ ಆ ಲಕೋಟೆಯನ್ನು ಒಡೆಯದೆ ತೆಗೆದಿಡಬೇಕು. ವರ್ಲಿನ್ ಹೋಬರ್ಟರ ಲಕೋಟೆ ಹುಡುಕಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತ. ಇದರೊಳಗೆ ಒಂದು ಹೂಂ ಇದೆ. ಊರು ಸರಿಯಾಗಿ ಎರಡು ಪಾಲಾಗಿ ನಿಂತಿದೆ. ಹೊರಗೆ ಕಾರಿನಲ್ಲಿ ನೆಡ್ರಾ ಕಾಯುತ್ತಿದ್ದಳು, ಅವಳು ಕೆಮ್ಮುವುದು ಗೋಡೆಯಾಚೆಗೂ ಕೇಳುತ್ತಿತ್ತು. ಇಷ್ಟು ವರ್ಷ ನಿಯಮದ ಹಗ್ಗಕ್ಕೆ ಕಟ್ಟಿಕೊಂಡು ಬದುಕಿದವನು ಅವತ್ತು ಲಕೋಟೆಯನ್ನು ಉಳಿದವುಗಳ ನಡುವೆ ತೂರಿಸಿ ಪೆಟ್ಟಿಗೆಗೆ ಮೊಹರು ಹಾಕಿದ.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಟೀಚರು ಅಡ್ಡ ಬಂದರು. "ಹೋಬರ್ಟ್ ವೋಟು ತೆಗೆದಿಟ್ಟೆ ತಾನೇ?"

"ತೆಗೆದಿಟ್ಟೆ, ಟೀಚರ್."

ಅವರು ತಲೆಯಾಡಿಸಿ ಮುಂದೆ ಹೋದರು. ಎದುರಿಗಿದ್ದವನು ಬೇರೆ ಯಾರೇ ಆಗಿದ್ದರೂ ಟೀಚರು ಲಕೋಟೆ ತೋರಿಸು ಅನ್ನುತ್ತಿದ್ದರು. ಮೂರನೇ ಕ್ಲಾಸಿನಿಂದ ಇವತ್ತಿನವರೆಗೆ ಸುಳ್ಳು ಹೇಳದ ಹುಡುಗ ಅಂತ ಇವನನ್ನು ನಂಬಿದರು.

ಮಂಗಳವಾರ ಲಕೋಟೆಗಳನ್ನು ಒಡೆದರು, ಮತಪತ್ರಗಳನ್ನು ಬೆರೆಸಿದರು, ಎಣಿಸಿದರು. ಹೂಂ ಎಷ್ಟೋ ಉಹುಂ ಕೂಡ ಅಷ್ಟೇ. ಸಮ ಸಮ. ನಂಬಿಕೆ ಬಾರದೆ ಮತ್ತೆ ಎಣಿಸಿದರು, ಮತ್ತೂ ಸಮ. ಸಮವಾದರೆ ತೆರಿಗೆ ಬಿದ್ದ ಹಾಗೆ, ಅದಕ್ಕೂ ನಿಯಮ ಇದೆ. ಅಷ್ಟು ದೊಡ್ಡ ಪಾಪ ಮಾಡಿಯೂ ಒಂದು ವೋಟು ಸಾಲದೆ ಹೋಯಿತಲ್ಲ ಅಂತ ವರ್ಲಿನ್ ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಗುರುವಾರ ಹೋಬರ್ಟರನ್ನು ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಇಮೊಜೀನ್ ಹುಡುಕಿಕೊಂಡು ಬಂದು ವರ್ಲಿನ್ ಮತ್ತು ನೆಡ್ರಾಳ ಎದುರಿಗೆ ಕುರ್ಚಿ ಎಳೆದುಕೊಂಡಳು. ವರ್ಲಿನನ ಕೈ ಹಿಡಿದುಕೊಂಡಳು.

"ನಿನಗೊಂದು ಮಾತು ಹೇಳ್ಬೇಕು, ವರ್ಲಿನ್. ಅವರು ಉಹುಂಗೆ ಗುರುತು ಹಾಕಿದ್ರು."

ವರ್ಲಿನ್ ಅವಳ ಮುಖ ನೋಡಿದ.

"ಸಿಟ್ಟು. ಎದೆ ಒಡೀತಾ ಇದೆ, ನೀವೆಲ್ಲ ಪಟ್ಟಿ ಹಿಡ್ಕೊಂಡು ಅಳೀತಿದ್ದೀರಿ, ಕೌದಿಗೆ ಪಿನ್ನು ಹಾಕ್ತಿದ್ದೀರಿ. ಕೆಸರಲ್ಲಿ ಹೂತಿರೋ ಗಾಡಿಗೆ ನಾನ್ಯಾಕೆ ತೆರಿಗೆ ಕೊಡ್ಲಿ ಅಂತ ಉಹುಂಗೆ ಗೀಚಿಬಿಟ್ರು. ಗುಡ್ಡ ಹತ್ತೋವಾಗ ಸಿಟ್ಟು ಇಳೀತು. ನೆಡ್ರಾ ಗತಿ ಏನು, ನಾನು ಕೆಟ್ಟ ಕೆಲಸ ಮಾಡಿದೆ, ವರ್ಲಿನನಿಗೆ ಹೇಳಿ ಅದನ್ನ ಹರಿಸಿಹಾಕ್ಸು ಅಂದ್ರು. ಅದೇ ಕೊನೇ ಮಾತು." ಇಮೊಜೀನ್ ಕಣ್ಣೊರೆಸಿಕೊಂಡಳು. "ಭಾನುವಾರ ನಿನ್ನ ಹತ್ರ ಬರೋಣ ಅಂತಲೇ ಹೊರಟಿದ್ದೆ. ಥೆಲ್ಮಾ ಸಿಕ್ಕಿ, ಅವನು ಆಗ್ಲೇ ತೆಗೆದಿಟ್ಟಿದ್ದಾನೆ ಅಂದ್ಲು. ಮನಸ್ಸು ಹಗುರ ಆಯ್ತು. ಇಲ್ದೇ ಇದ್ರೆ ನೋಡು, ಸಮಕ್ಕೆ ಬಂದು ನಿಂತಿದ್ದು ಇವರ ಒಂದು ವೋಟಿಂದಲೇ ಅನ್ನೋ ಪಾಪ ಹೊತ್ಕೊಂಡು ನಾನು ಹೇಗೆ ಬದುಕ್ಲಿ?"

ಲಕೋಟೆ ತೆಗೆದಿಟ್ಟಿದ್ದರೆ ತೆರಿಗೆ ಒಂದು ವೋಟಿನಿಂದ ಗೆದ್ದಿರುತ್ತಿತ್ತು. ಈಗ ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ಬೆರೆಸಿದ ಮತಪತ್ರದಲ್ಲಿ ಹೋಬರ್ಟರದು ಯಾವುದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ವರ್ಲಿನ್ ಜೈಲಿಗೆ, ನೆಡ್ರಾ ಒಬ್ಬಳೇ ಮನೆಯಲ್ಲಿ.

ನೆಡ್ರಾ ಮೇಜಿನ ಕೆಳಗೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಉಸಿರು ಕೂಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನನಗೋಸ್ಕರ ಕೂಡ ನೀನು ಮೋಸ ಮಾಡ್ಲಿಲ್ಲ," ಅಂದಳು. "ಅಷ್ಟು ಸಾಕು ನನಗೆ."