ಶನಿ ಬಳೆಗೆ ಮೀಸೆ ಪಣ

ನಾನು ಸುಮ್ನೆ ಕುಂತಿದ್ರೂ ಒಂದಲ್ಲ ಒಂದು ಪ್ರಸಂಗ ನನ್ನ ಹುಡ್ಕೊಂಡು ಬತ್ತದೆ. ತಪ್ಪು ನಂದಲ್ಲ, ಜನ ಅಂಗವ್ರೆ. ಹಾಸನ, ಹೊಳೇನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಜೀವಮಾನವೆಲ್ಲ ಬಸ್ಸು ಓಡಿಸ್ದೋನು ನಾನು. ಓದಿದ್ದು ಮೂರನೇ ಕ್ಲಾಸು. ಆದ್ರೂ ಹೊಳೇನರಸೀಪುರದ ನಮ್ ಬೀದೀಲಿ ಮೊದ್ಲು ದುರ್ಬೀನು ತಂದೋನ್ಯಾರು ಅಂತ ಕೇಳಿ ನೋಡಿ. ನಾನೇ!

೧. ಪಣ

ಎರಡ್ಸಾವಿರ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಒಂದು ಸಂಜೆ ಹಾಸನದಾಗೆ ಗಾಡಿ ನಿಲ್ಸಿ ಟೀ ಕುಡಿಯಾಕೆ ಓದೆ. ಅಲ್ಲಿ ಕಾಲೇಜು ಮೈದಾನದಾಗೆ ಮೇಷ್ಟ್ರುಗಳು ದುರ್ಬೀನು ಇಟ್ಕೊಂಡು ಜನಕ್ಕೆ ಶನಿ ತೋರಿಸ್ತಿದ್ರು. ನಾನೂ ಬಗ್ಗಿ ನೋಡ್ದೆ. ಗೋಲಿಯಂಗೆ ಒಂದು ಗುಂಡು, ಅದ್ರ ಸುತ್ತ ಬಳೆ! ಟೀ ಮರ್ತೇ ಓಯ್ತು.

ಮಾರನೇ ದಿನ ನಮ್ ಬೀದಿ ಗುಡಿ ಅರ್ಚಕ್ರಿಗೆ, ಶನಿಗೆ ಬಳೆ ಐತೆ ಅಂತ ಹೇಳ್ದೆ. ಪ್ರತಿ ಶನಿವಾರ ಜನಕ್ಕೆ ಶನಿಶಾಂತಿ ಮಾಡಿಸೋರು ಅವರೇ.

"ಅಲ್ಲಯ್ಯ, ಬಾಳೆಲ್ಲ ಆ ಶನೈಶ್ಚರನ ಪೂಜೆ ಮಾಡ್ಕೊಂಡು ಬಂದಿದೀನಿ. ನನಗೆ ಗೊತ್ತಿಲ್ಲದ ಒಡವೆ ನಿನಗೆ ಗೊತ್ತಾಯ್ತೇನು?" ಅಂದ್ರು.

ಸುತ್ತ ನಿಂತಿದ್ದೋರು ಕಿಸಕ್ಕನೆ ನಕ್ರು. ನಂಗೆ ರೇಗೋಯ್ತು. "ದುರ್ಬೀನು ತಂದು ತೋರಿಸ್ತೀನಿ ಸ್ವಾಮಿ. ತೋರಿಸ್ದೆ ಓದ್ರೆ ಈ ಮೀಸೆ ಬೋಳಿಸ್ಕೊಂಡು ನಿಮ್ ಗುಡಿ ಮುಂದೆ ನಿಲ್ತೀನಿ. ತೋರಿಸ್ಬುಟ್ರೆ, ಶನಿವಾರದ ಜನದ ಮುಂದೆ 'ಇವನು ಹೇಳಿದ್ದು ದಿಟ' ಅಂತ ನೀವು ಕೂಗ್ಬೇಕು" ಅಂದೆ. "ಆಗಲಿ" ಅಂದ್ರು.

ನನ್ನ ಮೀಸೆ ಅಂದ್ರೆ ಏನಂತ ತಿಳ್ಕೊಂಡಿದೀರ? ಹಳ್ಳಿಮೈಸೂರು ಸ್ಟಾಪಿನ ಜನ ಬೋರ್ಡು ಓದ್ತಿರ್ಲಿಲ್ಲ, ಗ್ಲಾಸಿನಾಗೆ ಮೀಸೆ ನೋಡಿ ಬಸ್ಸಿಗೆ ಕೈ ಅಡ್ಡ ಆಕ್ತಿದ್ರು.

ಸುದ್ದಿ ಕೇಳಿ ನನ್ ಹೆಂಡ್ತಿ ಅಂದ್ಲು, "ಮೀಸೆ ಇಲ್ದೆ ಬಂದ್ರೆ ಬಾಗ್ಲಲ್ಲೇ ನಿಂತು ಹೆಸ್ರು ಹೇಳಿ. ಕಂಡೋರ್ನೆಲ್ಲ ನಾನು ಒಳೀಕ್ ಬಿಡಾಕಿಲ್ಲ."

೨. ಅಂಗಡಿ

ಹಾಸನದ ಅಂಗಡಿಯೋನು ಮೊದ್ಲು ಒಂದು ಸಣ್ಣ ಕೊಳವೆ ತೆಗೆದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಸಿದ. ಡಬ್ಬಿ ಮೇಲೆ ಬಣ್ಣಬಣ್ಣದ ಚಿತ್ರ. "ಇದು ನೂರಾರು ಪಟ್ಟು ದೊಡ್ಡದಾಗಿ ತೋರಿಸ್ತದೆ ಸಾ" ಅಂದ.

ನಾನು ಡಬ್ಬಿ ಓದೋ ಗಿರಾಕಿ ಅಲ್ಲ. ಗಾಡಿ ಟೈರು ಒದಿಯೋ ಅಂಗೆ ಅದ್ರ ಕಾಲಿಗೆ ಒಂದು ಒದ್ದೆ. ಗಡಗಡ ನಡುಗ್ತು. "ಲೇ, ಇದ್ರಾಗೆ ಶನಿ ನೋಡಿದ್ರೆ ಚಳಿಜ್ವರ ಬಂದಂಗೆ ಕಾಣ್ತನೆ ಕಣ್ಲಾ" ಅಂದೆ.

ಆಮೇಲೆ ಇನ್ನೊಂದು ತೋರಿಸ್ದ. ದಪ್ಪ ಕೊಳವೆ, ತಳದಾಗೆ ಬೋಗುಣಿಯಂಗೆ ಕನ್ನಡಿ. ನಂಗೆ ತಕ್ಷಣ ಒಳೀತು, ಇದು ಬಸ್ಸಿನ ಹೆಡ್‌ಲೈಟು! ಅದು ಬೆಳಕು ಉಗುಳ್ತದೆ, ಇದು ನುಂಗ್ತದೆ. ಬೋಗುಣಿ ಅಗಲ ಇದ್ದಷ್ಟೂ ಬೆಳಕು ಜಾಸ್ತಿ. "ಇದೇ ಕೊಡು" ಅಂದು, ಕೊಳವೆ ತಳಕ್ಕೆ ಕಣ್ಣಿಟ್ಟು ಬೀದಿ ಕಡೆ ನೋಡ್ದೆ. ಕತ್ತಲೋ ಕತ್ತಲು.

"ಸಾ, ಅದು ತಳ. ಕಣ್ಣಿಡೋದು ಮೇಲ್ಗಡೆ, ಪಕ್ಕದ ತೂತಿಗೆ" ಅಂದ ಅಂಗಡಿಯೋನು.

"ನಂಗೊತ್ತು ಕಣಯ್ಯ! ತಳ ಗಟ್ಟಿ ಐತಾ ಅಂತ ನೋಡ್ದೆ."

೩. ತೆಂಗಿನಮರ

ಗಾಡಿ ಯಾವ್ದೇ ಆಗ್ಲಿ, ಟ್ರಯಲ್ ನೋಡ್ದೆ ರೋಡಿಗೆ ಇಳಿಸೋನಲ್ಲ ನಾನು. ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಚನ್ನರಾಯಪಟ್ಟಣದ ಮೇಲಾಸಿ ನುಗ್ಗೇಹಳ್ಳಿ ಕಡೆ ತಂಗಿ ಮನೆಗೆ ಓದೆ. ತಂಗಿ ಗಂಡ ತ್ವಾಟದಾಗಿದ್ದ. ದೂರದ ತೆಂಗಿನಮರಕ್ಕೆ ಗುರಿಯಿಟ್ಟೆ. ಮರ ತಲೆಕೆಳಗು! ಬೇರು ಆಕಾಶದಾಗೆ, ಗರಿ ನೆಲದಾಗೆ.

ಅಂಗಡಿಗೆ ಫೋನು ಮಾಡಿ ಬೈದೆ. "ಕನ್ನಡಿ ದುರ್ಬೀನು ಅಂಗೇ ಸಾ. ಆಕಾಶದಾಗೆ ಮೇಲೇನು, ಕೆಳಗೇನು?" ಅಂದ. ಅದೂ ಸರಿ ಅನ್ನಿಸ್ತು.

ತಂಗಿ ಗಂಡ ಬಾಳ ಹೊತ್ತು ನೋಡ್ದ. ಆಮೇಲೆ ಮೆಲ್ಲಗೆ ಕೇಳ್ದ, "ಭಾವ, ಕಾಯಿ ಕೆಡವೋ ದಿನ ಇದ್ನ ಇಲ್ಲೇ ಬುಟ್ಟೋಗು. ಇದ್ರಾಗೆ ಕಾಯಿ ನೆಲದ ಮಟ್ಟಕ್ಕೆ ಸಿಗ್ತವೆ, ಮರ ಅತ್ತೋದೇ ಬ್ಯಾಡ."

೪. ದೃಷ್ಟಿ

ಮಾರನೇ ದಿನ ದೀಪ ಹಚ್ಚೋ ಹೊತ್ತಿಗೆ ನಮ್ ತಾರಸಿ ಮೇಲೆ ಬೀದಿಗೆ ಬೀದಿಯೇ ಸೇರ್ತು. ಮೊದ್ಲು ಅರ್ಚಕ್ರಿಗೆ ಅವರ ಗುಡಿ ಗೋಪುರಾನೇ ತೋರಿಸ್ದೆ. "ಅಯ್ಯೋ, ಕಲಶ ಕೆಳಗಿದೆ!" ಅಂದ್ರು. "ಅದು ಅಂಗೇ ಸ್ವಾಮಿ" ಅಂದು ಶನಿ ಕಡೆ ತಿರುಗಿಸ್ದೆ. ಬಂದ ನೋಡಿ! ಬಳೆ ಸಮೇತ, ಥಳಥಳ ಅಂತ. ಬೀದಿಯೋರೆಲ್ಲ ಒಬ್ಬೊಬ್ರೇ ನೋಡಿ ಬಾಯಿ ಬುಟ್ರು.

ಅರ್ಚಕ್ರು ಮಾತ್ರ ಇಂದಕ್ಕೆ ಸರಿದ್ರು. "ನಾ ಒಲ್ಲೆನಯ್ಯ. ಚುಕ್ಕಿಯಷ್ಟಿದ್ದಾಗಲೇ ಶನಿದೃಷ್ಟಿ ತಡೆಯೋಕಾಗಲ್ಲ. ಇಷ್ಟು ದೊಡ್ಡವನಾಗಿ ನೋಡಿಬಿಟ್ರೆ ನನ್ನ ಗತಿ?"

"ನೀವು ನೋಡ್ದೆ ಪಣ ಎಂಗೆ ತೀರ್ತದೆ?"

"ನಾನು ನೋಡಿಲ್ಲ ಅಂದ್ರೆ ನೀನು ತೋರಿಸಿಲ್ಲ ಅಂತಲೇ."

ಎಲ್ರ ಕಣ್ಣೂ ನನ್ನ ಮೀಸೆ ಮೇಲೆ. ಕೆಳಗಿಂದ ಹೆಂಡ್ತಿ ಕೂಗಿದ್ಲು, "ಬಿಸ್ನೀರು ಕಾಯ್ಸಿದೀನಿ, ಕತ್ತಿ ಮಸೀಲಾ?"

ಡ್ರೈವರ್ ತಲೆ ನೋಡಿ, ತಿರುವಿನಾಗೇ ಓಡೋದು. "ಸ್ವಾಮಿ, ಶನಿದೋಷ ಇದ್ದೋರ ಕೈಲಿ ಎಳ್ಳೆಣ್ಣೆ ಬಟ್ಲಾಗೆ ಮುಖ ನೋಡಿಸಿ ದಾನ ಕೊಡಿಸ್ತೀರಲ್ಲ? ಇದೂ ಅಂಗೇ. ಶನಿ ಬಿದ್ದಿರೋದು ತಳದ ಕನ್ನಡೀಲಿ. ನೀವು ನೋಡೋದು ಬರೀ ನೆರಳು. ಅವನ ಕಣ್ಣು ನಿಮಗೆ ತಾಗಾಕಿಲ್ಲ."

ಅರ್ಚಕ್ರು ಯೋಚ್ನೆ ಮಾಡಿ, ಜನಿವಾರ ಹಿಡ್ಕೊಂಡು, ಒಂದು ಕಣ್ಣು ಇಟ್ರು. ಇಟ್ಟೋರು ತೆಗೀಲೇ ಇಲ್ಲ. ಕೊನೆಗೆ ಪಿಸುಮಾತ್ನಲ್ಲಿ ಕೇಳಿದ್ರು, "ನನ್ನ ಕಡೆ ನೋಡ್ತಿಲ್ಲ ತಾನೇ?"

"ಇಲ್ಲ ಸ್ವಾಮಿ, ಆಚೆ ತಿರುಗವ್ನೆ."

"ಹಾಗಾದ್ರೆ ಇನ್ನೊಂಚೂರು ನೋಡ್ತೀನಿ."

ಶನಿವಾರ ಗುಡಿ ತುಂಬ ಜನ. ಅರ್ಚಕ್ರು ಮಾತಿಗೆ ತಪ್ಪಲಿಲ್ಲ. "ಇವನು ಹೇಳಿದ್ದು ದಿಟ! ಬಳೆ ಇದೆ, ನಾನೇ ಕಂಡೆ" ಅಂತ ಕೂಗಿದ್ರು. ನಾನು ಮೀಸೆ ತಿರುವ್ದೆ. ಅರ್ಚಕ್ರು ಅಷ್ಟಕ್ಕೆ ನಿಲ್ಲಿಸ್ಲಿಲ್ಲ. "ಆದರೆ ಇವನ ಯಂತ್ರ ಎಲ್ಲವನ್ನೂ ತಲೆಕೆಳಗು ಮಾಡ್ತದೆ. ಶನೈಶ್ಚರನನ್ನೇ ತಲೆಕೆಳಗು ನಿಲ್ಲಿಸಿದ್ರೆ ಸುಮ್ನೆ ಬಿಡ್ತಾನಾ? ನೋಡಿದವರೆಲ್ಲ ಎಳ್ಳೆಣ್ಣೆ ಶಾಂತಿ ಮಾಡಿಸಿ. ತೋರಿಸಿದವನು ಮೊದಲು!"

ಗೆದ್ದೋನು ನಾನು, ಬಟ್ಲು ಹಿಡ್ದೋನೂ ನಾನೇ. "ಎಣ್ಣೇಲಿ ಮುಖ ನೋಡ್ಕೋ" ಅಂದ್ರು. ಬಗ್ಗಿದೆ. ಪಕ್ಕದಿಂದ ಅರ್ಚಕ್ರೂ ಇಣುಕಿದ್ರು. ಬಟ್ಲಾಗೆ ನನ್ನ ದುಂಡು ಮುಖ, ಎರಡೂ ಕಡೆ ಚಾಚಿದ ಮೀಸೆ.

"ಥೂ ನಿನ್ನ!" ಅಂದ್ರು ಅರ್ಚಕ್ರು. "ಥೇಟು ಅವನೇ! ಇದನ್ನ ಮೊದಲೇ ತೋರಿಸಿದ್ರೆ ದುರ್ಬೀನು ಯಾಕಯ್ಯ ಬೇಕಿತ್ತು?"