ಬಲ ಹೆಬ್ಬೆರಳಿನ ಫೀನಾಲ್ ಅವರಿಗೂ ಎಡ ಹೆಬ್ಬೆರಳಿನ ಕಾಸ್ಟಿಕ್ ಸೋಡಾ ಅವರಿಗೂ

ಅರೆಗ್ವಾ, ಪರಾಗ್ವೆ. ಜನವರಿ 31, ಶನಿವಾರ. ನನ್ನ ಎರಡೂ ಕಾಲಿನ ಹೆಬ್ಬೆರಳುಗಳ ಉಗುರು ಮಾಂಸದೊಳಕ್ಕೆ ಬೆಳೆದಿತ್ತು. ಇದೇ ಹನ್ನೆರಡರಂದು ಡಾಕ್ಟರ್ ಒವೆಲಾರ್ ಅಂಚು ಕತ್ತರಿಸಿ, ಮತ್ತೆ ಚಿಗುರದಂತೆ ಬುಡವನ್ನು ಬಲಗಾಲಲ್ಲಿ ಫೀನಾಲಿನಿಂದ, ಎಡಗಾಲಲ್ಲಿ ಸೋಡಾದಿಂದ ಸುಟ್ಟರು. ಯಾವುದು ಮೇಲೆಂದು ಹೋಲಿಸಿ ನೋಡಲು.

ಮಾನ್ಯರೇ,

ಎದ್ದು ನಿಂತು ವಂದಿಸಬೇಕಾದವಳು ಬಲಗಾಲನ್ನು ದಿಂಬಿನ ಮೇಲಿಟ್ಟು ಕುಳಿತೇ ವಂದಿಸುತ್ತಿದ್ದೇನೆ. ವೈದ್ಯರ ಅಪ್ಪಣೆ, ಮನ್ನಿಸಬೇಕು.

ಮೊದಲಿಗೆ ತಮ್ಮ ಗುಣಗಾನ. ಫೀನಾಲ್ ಅವರು ಸಂಭಾವಿತರು. ನೋವೆಂಬುದನ್ನೇ ಕೊಡದೆ, ಬಂದ ನೆಂಟರು ಹೊರಡಲು ಮರೆತಂತೆ ದಿನಗಟ್ಟಲೆ ರಸಿಕೆ ಸುರಿಸುತ್ತ ಕುಳಿತರು. ಸೋಡಾ ಅವರು ಮುಂಗೋಪಿಗಳು. ಎರಡು ದಿನ ಬೆಂಕಿಯಿಟ್ಟರು, ಒಂಬತ್ತನೆಯ ದಿನಕ್ಕೆ ಗಾಯ ಒಣಗಿಸಿ ಕೈತೊಳೆದುಕೊಂಡರು. ಬೆಳಗಿನ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಕುಡಿಯಲು ಅಂಗಳದಲ್ಲಿ ಸೇರುವ ನೆರೆಯವರೆಲ್ಲ ನನ್ನ ಮುಖ ನೋಡುವುದನ್ನು ಬಿಟ್ಟು ಕಾಲು ನೋಡಿ ಎರಡು ಪಕ್ಷವಾದರು.

ನಮ್ಮ ಅತ್ತೆ ದೋನ್ಯಾ ಸೆಫೆರಿನಾ ಅವರಿಗೆ ಮಾತ್ರ ಹಿಂದುಳಿದವರ ಮೇಲೆ ಕರುಣೆ. ಎರಡು ಕಾಲಿಗೂ ಬರೀ ಉಪ್ಪುನೀರು ಎಂದು ವೈದ್ಯರು ವಿಧಿಸಿದ್ದರೂ, ತೆರೆರೆಗೆಂದು ಒರಳಲ್ಲಿ ಜಜ್ಜಿದ ಬೇರುಸೊಪ್ಪಿನಲ್ಲಿ ಒಂದು ಹಿಡಿ ಎತ್ತಿ ಕುದಿಸಿ, ದಿನವೂ ಬಲಗಾಲನ್ನಷ್ಟೇ ಅದ್ದಿಸಿದರು. "ಗೆಲ್ಲೋ ಕಾಲಿಗೆ ಯಾಕೆ ಉಪಚಾರ? ಸೋಲ್ತಿರೋದನ್ನ ಇಲ್ಲಿ ಕೊಡೇ, ಪಾಪ!" ಎಂದರು. ನಾನೂ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ಏಕೆಂದರೆ ಮಂಗಳವಾರ ಸಂತ ಬ್ಲಾಸರ ಹಬ್ಬ. ತಲೆಯ ಮೇಲೆ ಒಂದರ ಮೇಲೊಂದು ಆರು ಬಾಟಲಿ ನಿಲ್ಲಿಸಿಕೊಂಡು ಬರಿಗಾಲಲ್ಲಿ ಕುಣಿಯುವವಳು ಹತ್ತೊಂಬತ್ತು ವರ್ಷಗಳಿಂದ ನಾನೇ. ಕುಣಿತದ ಯಜಮಾನಿ ಹೇಳಿಕಳಿಸಿದ್ದಾಳೆ: "ಎರಡು ಕಾಲೂ ನೆಟ್ಟಗಿದ್ರೆ ಬಾ ವಿಲ್ಫ್ರಿದಾ, ಇಲ್ದಿದ್ರೆ ಬಾಟಲಿಗೆ ಬೇರೆ ತಲೆ ಹುಡುಕ್ತೀನಿ."

ಬಲಗಾಲೂ ಒಣಗಿತು. ಎಷ್ಟು ಬೇಗ ಒಣಗಿತೆಂದರೆ, ಡಾಕ್ಟರ್ ಒವೆಲಾರ್ ಕನ್ನಡಕ ಒರೆಸಿ ಒರೆಸಿ ನೋಡಿ, "ಫೀನಾಲ್ ಇಷ್ಟು ಜಲ್ದಿ ಕೆಲಸ ಮಾಡಿದ್ದು ನಾನಂತೂ ನೋಡಿಲ್ಲ! ಅಮ್ಮಾ, ಮೂರು ತಿಂಗಳು ಈ ಕಾಲನ್ನ ಬರಿ ನೆಲಕ್ಕೆ ತಾಗಿಸ್ಬೇಡಿ. ಇದಿನ್ನು ನಿಮ್ಮ ಕಾಲಲ್ಲ, ವಿಜ್ಞಾನದ್ದು" ಎಂದುಬಿಟ್ಟರು. ನೋವೇ ಕೊಡದ ಫೀನಾಲ್ ಒಂದೇ ಸಾಕೆಂದು, ಸೋಡಾ ಅವರನ್ನು ಆಸ್ಪತ್ರೆಯಿಂದಲೇ ಬೀಳ್ಕೊಡುವ ಆಲೋಚನೆಯೂ ಇದೆಯಂತೆ.

ಆದ್ದರಿಂದ ಬಿನ್ನಹ: ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಆಸ್ಪತ್ರೆಯಲ್ಲಿ ದಾಖಲೆಗೆಂದು ಈ ಕಾಲಿನ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ, ಫೀನಾಲ್ ಅವರು ಒಂದೇ ಒಂದು ಹನಿ ರಸಿಕೆ ಸುರಿಸಿ ವೈದ್ಯರ ಉತ್ಸಾಹ ತಗ್ಗಿಸಿ, ಊಟದ ಹೊತ್ತಿಗೆ ಮತ್ತೆ ಒಣಗಬೇಕು. ಆಗ ಸೋಡಾ ಅವರು ಹೊಟ್ಟೆಕಿಚ್ಚಿನಿಂದ ಉರಿಯಬಾರದು.

ಒಂದು ಕಾಲಿಗೂ ಪಕ್ಷಪಾತ ತೋರದ,
ತಮ್ಮಿಬ್ಬರ ವಿಶ್ವಾಸಿ,
ವಿಲ್ಫ್ರಿದಾ ಕಾನ್ಯೆತೆ

ಮರೆತ ಮಾತು: ತಮ್ಮಿಂದ ಇಷ್ಟೂ ಆಗದೆಂದು ಬಲ್ಲೆ. ಸೊಪ್ಪಿನ ಕಷಾಯದ ಸಂಗತಿಯನ್ನು ಸೋಮವಾರ ನಾನೇ ವೈದ್ಯರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದ್ದೇನೆ. ಹೋಲಿಕೆಯ ಪಟ್ಟಿಯಿಂದ ಹೊರಬಿದ್ದ ಕಾಲು ಎಲ್ಲಿ ಬೇಕಾದರೂ ಕುಣಿಯಬಹುದು. ತಮ್ಮಿಬ್ಬರನ್ನೂ ಸೋಲಿಸಿದ್ದು ಒಂದು ಹಿಡಿ ಸೊಪ್ಪು ಎಂದು ಅವರು ಬರೆದುಕೊಳ್ಳುವರೋ ಇಲ್ಲವೋ ಅವರಿಗೆ ಬಿಟ್ಟದ್ದು. ಅತ್ತೆಗೆ ಇನ್ನೂ ಹೇಳಿಲ್ಲ.