ಹನ್ನೊಂದು ಕೆಂಪು ಚುಕ್ಕೆಗಳು

“ಈ ಐದು ದಿನ ನೀನು ಒಲೆಯ ಮುಖ ನೋಡಬಾರದು. ಕೆಟ್ಟ ಊಟವನ್ನಂತೂ ಕನಸಲ್ಲೂ ಕಾಣಬಾರದು. ಆ ಜವಾಬ್ದಾರಿ ನನ್ನದು” ಎಂದು ನಕ್ಷೆಗಾರರು ಘೋಷಿಸಿದ್ದು ಸಮುದ್ರದ ಊರಿಗೆ ಹೊರಡುವ ಹಿಂದಿನ ಸಂಜೆ, ಮೇಜಿನ ಮೇಲೆ ಎರಡೂ ಕೈ ಊರಿ, ದಂಡೆತ್ತಿ ಹೊರಟ ಸೇನಾಪತಿಯ ಗತ್ತಿನಲ್ಲಿ.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಆಯ್ತು” ಎಂದರು.

ನಕ್ಷೆಗಾರರು ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ನಕ್ಷೆ ಬರೆಯುತ್ತಿದ್ದವರು. ಕೈ ಮಾತ್ರ ಗೆರೆ ತಪ್ಪುತ್ತಿರಲಿಲ್ಲ. ಮನಸ್ಸಿನ ಮಾತು ಬೇರೆ. ಹಳ್ಳವೊಂದನ್ನು ಬರೆಯಲು ಕೂತರೆ ಅದರಲ್ಲೇ ತೇಲಿಕೊಂಡು ಹೋಗಿ, ಚಹಾ ತಣ್ಣಗಾದ ಮೇಲೆ ಯಾವುದೋ ದಡದಲ್ಲಿ ಎಚ್ಚರಗೊಳ್ಳುತ್ತಿದ್ದರು. ಹೆಂಡತಿ ವಿದ್ಯಾರ್ಥಿನಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವರು. ಇನ್ನೂರು ಹುಡುಗಿಯರೂ ಅವರನ್ನು ದೊಡ್ಡಮ್ಮ ಎಂದು ಕರೆದು ಕರೆದು, ಈಗ ಅಂಚೆಯವನಿಗೂ ಅವರು ದೊಡ್ಡಮ್ಮನೇ. ಹತ್ತೊಂಬತ್ತು ವರ್ಷ ಇನ್ನೂರು ಜನಕ್ಕೆ ಬೇಯಿಸಿ, ಮನೆಗೆ ಬಂದು ಇಬ್ಬರಿಗೆ ಬೇಯಿಸಿ, ಎಲ್ಲರದ್ದೂ ಮುಗಿದ ಮೇಲೆ ಅಡುಗೆಕಟ್ಟೆಗೆ ಒರಗಿ ನಿಂತು, ಆರಿದ್ದನ್ನು ತಿನ್ನುವುದು ಅವರ ಅಭ್ಯಾಸ. ರಜೆಯಲ್ಲಿ ಏನು ಬೇಕು ಎಂದು ಗಂಡ ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಲಿಲ್ಲ.

“ನಾನು ಮಾಡದ ಊಟ ಬೇಕು. ಬಿಸಿಯಾಗಿರಬೇಕು. ನಾನು ಕೂತಿರೋ ಕಡೆಗೇ ಬರಬೇಕು. ಇನ್ನೇನೂ ಬೇಡ ನನಗೆ.”

ಇಷ್ಟು ಸಣ್ಣ ಆಸೆಗೆ ನಕ್ಷೆಗಾರರು ಒಂದು ತಿಂಗಳು ತಪಸ್ಸು ಮಾಡಿದರು. ಆ ಊರಿಗೆ ಹೋಗಿ ಬಂದ ಸಹೋದ್ಯೋಗಿಗಳನ್ನೆಲ್ಲ ಹಿಡಿದು ಕೂರಿಸಿ, ಅವರವರ ಮೆಚ್ಚಿನ ಊಟದ ಜಾಗ ಯಾವುದೆಂದು ವಿಚಾರಿಸಿದರು. ದೊಡ್ಡ ಸಾಹೇಬರಂತೂ ದೀಪಸ್ತಂಭದ ಬುಡದ ಊಟದ ಮನೆಯೊಂದರ ಸುದ್ದಿ ಹೇಳುತ್ತ ಕಣ್ಣು ಮುಚ್ಚಿದವರು ಎರಡು ನಿಮಿಷ ತೆರೆಯಲೇ ಇಲ್ಲ. ಹೀಗೆ ಕಲೆ ಹಾಕಿದ್ದೆಲ್ಲ ಒಂದು ನಕ್ಷೆಯಾಯಿತು. ನೀಲಿಯಲ್ಲಿ ಸಮುದ್ರ, ಕಪ್ಪಿನಲ್ಲಿ ಬೀದಿ, ಕೆಂಪಿನಲ್ಲಿ ಹನ್ನೊಂದು ಚುಕ್ಕೆ. ಒಂದು ಬೆರಳಿನಗಲಕ್ಕೆ ಐವತ್ತು ಹೆಜ್ಜೆ. ರಾಜ್ಯವೊಂದನ್ನು ಗೆಲ್ಲಲು ಇದಕ್ಕಿಂತ ಕಡಿಮೆ ಸಿದ್ಧತೆ ಸಾಕು.

ಊರು ಮಾತ್ರ ಯಾವ ಸಿದ್ಧತೆಯೂ ಬೇಡವೆನ್ನುವಂತಿತ್ತು. ಅಲ್ಲಿ ಮಧ್ಯಾಹ್ನವೆಂಬುದು ಮುಗಿಯುತ್ತಲೇ ಇರಲಿಲ್ಲ. ಬಿಸಿಲು ಗೋಡೆಗಳ ಮೇಲೆ ಒರಗಿಕೊಂಡು ತೂಕಡಿಸುತ್ತಿತ್ತು. ಒಣಹಾಕಿದ ಬಲೆಗಳ ಒಳಗಿಂದ ಗಾಳಿ ಉಪ್ಪಾಗಿ, ಮೆತ್ತಗಾಗಿ ಬರುತ್ತಿತ್ತು. ಜನ ಅರ್ಧ ವಾಕ್ಯ ಹೇಳಿ, ಸಮುದ್ರದ ಕಡೆ ನೋಡಿ, ಉಳಿದರ್ಧವನ್ನು ಅದಕ್ಕೇ ಬಿಟ್ಟುಬಿಡುತ್ತಿದ್ದರು. ಬಸ್ಸಿಳಿದ ನಕ್ಷೆಗಾರರ ಹೆಜ್ಜೆ ಹತ್ತೇ ನಿಮಿಷದಲ್ಲಿ ಸಡಿಲವಾಯಿತು.

ಮೊದಲ ದಿನ ಮೊದಲ ಚುಕ್ಕೆ: ಸಾಹೇಬರ ಊಟದ ಮನೆ. ನಕ್ಷೆಗಾರರು ಹೆಜ್ಜೆ ಎಣಿಸುತ್ತ ಹೋಗಿ, ಎಣಿಕೆ ಮುಗಿದಲ್ಲಿ ತಟ್ಟನೆ ನಿಂತು, ಎದುರಿಗಿದ್ದ ಬಾಗಿಲು ಹೊಕ್ಕು, “ಇಬ್ಬರಿಗೆ ಊಟ. ಕಿಟಕಿ ಪಕ್ಕ ಕೊಡಿ” ಎಂದರು.

ಕುರ್ಚಿಯಲ್ಲಿ ಕೂತಿದ್ದ ಅಂಗಡಿಯವನು ನಿಧಾನವಾಗಿ ಕಣ್ಣು ಬಿಟ್ಟ. “ಊಟ ಇಲ್ಲಿ ನಿಂತು ಹದಿನಾಲ್ಕು ವರ್ಷ ಆಯ್ತು ಸಾರ್. ಈಗ ಈಜೋ ಟ್ಯೂಬು ಮಾರ್ತೀವಿ. ಗುಂಡಗಿರೋದು ಇದೆ, ಬಾತುಕೋಳಿದು ಇದೆ.”

ಸುಮ್ಮನೆ ಹೊರಬಂದಿದ್ದರೆ ಆಗುತ್ತಿತ್ತು. ಆದರೆ ತಪ್ಪಿ ಬಂದೆನೆಂದು ಒಪ್ಪಿಕೊಳ್ಳುವುದು ನಕ್ಷೆಗಾರರ ಜಾಯಮಾನವಲ್ಲ. “ಗೊತ್ತು, ಟ್ಯೂಬಿಗೇ ಬಂದಿದ್ದು” ಎಂದು, ಈಜು ಬಾರದ ಅವರು ಬಾತುಕೋಳಿಯೊಂದನ್ನು ಕೊಂಡು ಕೊರಳಿಗೆ ಹಾಕಿಕೊಂಡೇ ಹೊರಬಂದರು. ಎರಡನೆಯ ಚುಕ್ಕೆಗೆ ಅಂದು ವಾರದ ರಜೆ. ಮೂರನೆಯದು ಸಿಗಲೇ ಇಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ನಿನ್ನೆಯ ಬನ್ನು ತಿಂದರು. ದೊಡ್ಡಮ್ಮ ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿದರು.

“ಯಾಕೆ, ಸಾಕಾ?”

“ಹಸಿವಿಲ್ಲ. ನೀವು ಹೋಗಿ ಸ್ವಲ್ಪ ಮಲಗಿ. ನಾನು ಮರಳಲ್ಲಿ ಒಂದು ಸುತ್ತು ನಡೆದು ಬರ್ತೀನಿ.”

ಒಂದು ಮಾತಿನ ಆಕ್ಷೇಪಣೆ ಇಲ್ಲ, ಮುಖದಲ್ಲಿ ಸಿಟ್ಟಿನ ಸುಳಿವಿಲ್ಲ. ಎಂಥ ತಾಳ್ಮೆ ಇವಳದು ಎಂದುಕೊಳ್ಳುತ್ತ ನಕ್ಷೆಗಾರರು ಇಳಿದುಕೊಂಡಿದ್ದ ಕೋಣೆಗೆ ಹೋಗಿ, ಕಿಟಕಿಯಿಂದ ಬರುವ ಅಲೆಯ ಸದ್ದಿಗೆ ಕಿವಿಗೊಟ್ಟು ಮೂರು ಗಂಟೆ ಗೊರಕೆ ಹೊಡೆದು ಮಲಗಿದರು.

ಎರಡನೆಯ ದಿನ ನಾಲ್ಕನೆಯ ಚುಕ್ಕೆ. ಇದು ಇದ್ದಲ್ಲೇ ಇತ್ತು. ಮರಳಿನ ಮೇಲೆ ಬಿಳಿ ಮೇಜು, ಬಿಳಿ ಕುರ್ಚಿ, ಮುಂದೆ ಕೊನೆಯಿಲ್ಲದ ನೀಲಿ. ನಕ್ಷೆಗಾರರು ಎಲ್ಲ ಬಿಟ್ಟು, ನೀರಿಗೆ ಅತಿ ಹತ್ತಿರದ ಮೇಜನ್ನು ತಾವೇ ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆಳೆದರು.

ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ ಸರ್ವರು ಓಡಿ ಬಂದ. “ಅಲ್ಲಿ ಬೇಡ ಸಾರ್, ನೀರು ಬರುತ್ತೆ.”

“ಇಪ್ಪತ್ತೆಂಟು ವರ್ಷ ನೀರಿನ ಗೆರೆ ಬರೆದಿದ್ದೀನಪ್ಪ. ನೀರು ಎಲ್ಲಿಗೆ ಬರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನನಗೆ ಹೇಳಿಕೊಡಬೇಡ.”

ಸೂಪು ಬಂತು. ನಕ್ಷೆಗಾರರು ಒಂದು ಚಮಚ ಬಾಯಿಗಿಟ್ಟು ದಿಗಂತದ ಕಡೆ ನೋಡಿದರು. ಅಲ್ಲಿ ಒಂದು ಹಾಯಿದೋಣಿ ನಿಂತಿದೆಯೋ ಚಲಿಸುತ್ತಿದೆಯೋ ತಿಳಿಯದಂತಿತ್ತು. ಆ ಗೆರೆಯನ್ನು ಯಾವ ಲೇಖನಿಯಿಂದ ಎಳೆಯಬಹುದು ಎಂದು ಯೋಚಿಸುತ್ತ ಅವರೂ ಆ ದೋಣಿ ಹತ್ತಿದರು. ತಂಪಾದ ನೀರು ಪಾದ ಮುಟ್ಟಿತು. ಕನಸು ಎಷ್ಟು ಚೆನ್ನಾಗಿ ಬೀಳುತ್ತಿದೆ ಎಂದುಕೊಂಡರು. ನೀರು ಮೊಣಕಾಲಿಗೆ ಬಂತು, ಇನ್ನೂ ಚೆನ್ನಾಯಿತು. ಕುರ್ಚಿ ಮೆಲ್ಲಗೆ ವಾಲಿದಾಗ ಕಣ್ಣು ಬಿಟ್ಟು ನೋಡಿದರೆ, ಸೂಪಿನ ಬಟ್ಟಲು ತನ್ನಷ್ಟಕ್ಕೆ ತಾನು ಸಮುದ್ರಯಾನ ಹೊರಟಿತ್ತು. ಹಿಂದೆಯೇ ನಕ್ಷೆ, ಹರಡಿಕೊಂಡು, ಗಂಭೀರವಾಗಿ. ದೊಡ್ಡಮ್ಮ ಎದುರಿನ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು, ಚಪ್ಪಲಿ ಮಡಿಲಲ್ಲಿ.

“ನನ್ನನ್ನ ಎಬ್ಬಿಸೋದಲ್ವೇನೇ?”

“ನೀರು ಎಲ್ಲಿ ನಿಲ್ಲುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ. ನಾನೂ ನೋಡ್ತಾ ಕೂತಿದ್ದೆ.”

ಊಟ ಮತ್ತೆ ಕೈತಪ್ಪಿತು. ದೊಡ್ಡಮ್ಮ ಮತ್ತೆ ಹಸಿವಿಲ್ಲವೆಂದರು, ಮತ್ತೆ ಮರಳಲ್ಲಿ ನಡೆಯಲು ಹೋದರು. ನಕ್ಷೆಗಾರರು ನಕ್ಷೆಯನ್ನು ಕಿಟಕಿಯ ಸರಳಿಗೆ ಒಣಹಾಕಿ ಅದರ ಕೆಳಗೇ ಮಲಗಿದರು. ಎದ್ದು ನೋಡಿದಾಗ ಕೆಂಪು ಶಾಯಿ ಹಬ್ಬಿ, ಹನ್ನೊಂದು ಚುಕ್ಕೆಗಳು ಇಪ್ಪತ್ತಕ್ಕೂ ಮೇಲಾಗಿದ್ದವು. ಊರಿಡೀ ಊಟದ ಮನೆಗಳೇ.

ಮೂರನೆಯ ದಿನ ಅವರು ಅತಿ ಗಾಢವಾದ ಚುಕ್ಕೆಯನ್ನು ಆರಿಸಿ ಹೊರಟರು. ಅದು ತೋರಿಸಿದ ಜಾಗದಲ್ಲಿ ತಂಪಾದ ಜಗಲಿ, ಗೋಡೆಗುಂಟ ಬೆಂಚು, ಬೆಂಚಿನ ತುಂಬ ಜನ. ಯಾರೂ ಮಾತಾಡುತ್ತಿಲ್ಲ. ಎಲ್ಲರ ಕಣ್ಣೂ ಒಳಬಾಗಿಲಿನ ಪರದೆಯ ಮೇಲೆ.

“ನೋಡು, ಹೀಗೆ ಕಾದು ಕೂತಿದ್ದಾರೆ ಅಂದರೆ ಕೈರುಚಿ ಹೇಗಿರಬೇಕು” ಎಂದು ಪಿಸುಗುಟ್ಟಿ ನಕ್ಷೆಗಾರರು ಕೂತರು. ಪಕ್ಕದ ಮುದುಕರನ್ನು ಕೇಳಿದರು, “ಇಲ್ಲಿ ಚೆನ್ನಾಗಿ ಮಾಡ್ತಾರಾ?”

ಕೆನ್ನೆಗೆ ಕೈಕೊಟ್ಟು ಕೂತಿದ್ದ ಮುದುಕರು ಕಷ್ಟದಿಂದ ಬಾಯಿ ತೆರೆದರು. “ಕೈ ಬಹಳ ಹಗುರ. ನಮ್ಮ ಮನೆಯವರೆಲ್ಲ ಇಲ್ಲಿಗೇ ಬರೋದು.”

“ಬಿಸಿಬಿಸಿ ಇರುತ್ತಾ?”

“ಮೊದಲು ಸ್ವಲ್ಪ ಉರಿ ಅನಿಸುತ್ತೆ. ಆಮೇಲೆ ಏನೂ ಗೊತ್ತಾಗಲ್ಲ.”

“ಖಾರ ಜಾಸ್ತಿ ಅನ್ನಿ.”

ಮುದುಕರು ಅವರನ್ನು ಒಂದು ಬಗೆಯಾಗಿ ನೋಡಿ, ಕೆನ್ನೆಯನ್ನು ಇನ್ನೊಂದು ಕೈಗೆ ವರ್ಗಾಯಿಸಿದರು. ದೊಡ್ಡಮ್ಮ ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ಆಗಲೇ ನೋಡಿದ್ದರು. “ರೀ” ಎಂದರು. “ತಾಳು, ನಮ್ಮ ಸರದಿ ಬರುತ್ತೆ” ಎಂದರು ನಕ್ಷೆಗಾರರು. ಇನ್ನೊಂದು ಸಲ “ರೀ” ಎನ್ನುವಷ್ಟರಲ್ಲಿ ಪರದೆ ಸರಿಸಿ ಬಿಳಿ ಕೋಟಿನಾಕೆಯೊಬ್ಬರು ಬಂದು, “ಹೊರಗಿನೂರವರಲ್ವಾ, ನೀವೇ ಮೊದಲು ಬನ್ನಿ. ಎಷ್ಟು ದಿನದಿಂದ?” ಎಂದರು.

“ಮೂರು ದಿನದಿಂದ. ಸರಿಯಾಗಿ ಒಂದು ತುತ್ತು ತಿಂದಿಲ್ಲ” ಎನ್ನುತ್ತ ಒಳಗೆ ಹೋದ ನಕ್ಷೆಗಾರರಿಗೆ ಕಂಡದ್ದು ಮೇಲೆ ದೊಡ್ಡ ದೀಪ, ಕೆಳಗೆ ಒರಗುವ ಕುರ್ಚಿ, ತಟ್ಟೆಯಲ್ಲಿ ಸಾಲಾಗಿಟ್ಟ ಇಕ್ಕಳ. ಈಗಲಾದರೂ ನಿಜ ಹೇಳಬಹುದಿತ್ತು. ಆದರೆ ಹೊರಗೆ ಬೆಂಚಿನ ತುಂಬ ಜನ, ಅವರ ನಡುವೆ ಹೆಂಡತಿ. ನಿಜಕ್ಕೆ ಬಾಯಿ ಬಿಡದ ನಕ್ಷೆಗಾರರು ವೈದ್ಯೆಗೆ ಬಾಯಿ ಬಿಟ್ಟರು. ದವಡೆಯ ಒಂದು ಹಲ್ಲು ವರ್ಷದಿಂದ ಅಲುಗಾಡುತ್ತಿದ್ದದ್ದೂ ಸುಳ್ಳಲ್ಲ. ಅದು ಅಂದು ಅವರನ್ನಗಲಿತು. ಮುದುಕರು ಹೇಳಿದಂತೆ ಕೈ ಬಹಳ ಹಗುರವೇ.

“ಎರಡು ದಿನ ಮೆತ್ತಗಿರೋದು ಮಾತ್ರ ತಿನ್ನಿ” ಎಂದರು ವೈದ್ಯೆ.

ಹತ್ತಿ ಕಚ್ಚಿಕೊಂಡು ಹೊರಬಂದ ಗಂಡನನ್ನು ದೊಡ್ಡಮ್ಮ ಕೈಹಿಡಿದು ಕೋಣೆಗೆ ಕರೆತಂದರು. ದಾರಿಯಲ್ಲಿ ಎರಡು ಬಾರಿ ಅವರ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡರು ನಕ್ಷೆಗಾರರು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆ ಕೇಳಿದ ಒಂದು ಬಿಸಿ ಊಟ, ಅದನ್ನೂ ಕೊಡಿಸಲಾಗಲಿಲ್ಲವಲ್ಲ.

ನಾಲ್ಕನೆಯ ದಿನವೂ ದೊಡ್ಡಮ್ಮ ಹಿಂದಿನ ಮೂರು ದಿನದಂತೆ ನಡೆಯಲು ಹೋದರು. ನಕ್ಷೆಗಾರರಿಗೆ ದವಡೆಯ ಸೆಳೆತದಲ್ಲಿ ನಿದ್ದೆ ಹತ್ತಲಿಲ್ಲ. ಎದ್ದು, ನಕ್ಷೆಯನ್ನು ಹಾಸಿಗೆಯ ಮೇಲೇ ಬಿಟ್ಟು, ಬರಿಗೈಯಲ್ಲಿ ಬೀದಿಗಿಳಿದರು. ಬಲೆ ಹೆಣೆಯುತ್ತಿದ್ದವನೊಬ್ಬನ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ದಾರಿ ಕೇಳಿದರು. “ನೀವೆಲ್ಲ ಎಲ್ಲಿ ಊಟ ಮಾಡ್ತೀರಪ್ಪ?”

ಅವನು ತಲೆ ಎತ್ತದೆ ಸೂಜಿಯಲ್ಲೇ ತೋರಿಸಿದ. “ಹಗ್ಗದ ಗೋದಾಮಿನ ಹಿಂದೆ. ಅಜ್ಜಿ ಇದಾರೆ. ದೋಣಿ ಬಂದ ಮೇಲೆ ಒಲೆ ಹಚ್ತಾರೆ.”

ಗೋದಾಮಿನ ಹಿಂದೆ ಬೋರ್ಡಿಲ್ಲದ ಒಂದೇ ಒಂದು ಕೋಣೆ. ತೆರೆದ ಬಾಗಿಲಿನಿಂದ ಈರುಳ್ಳಿ ಕೆಂಪಗಾಗುವ ವಾಸನೆ ಬಂತು. ನಾಳೆ ಅವಳನ್ನು ಇಲ್ಲಿಗೇ ಕರೆತರಬೇಕು, ಕಣ್ಣು ಮುಚ್ಚಿಸಿ ಕರೆತಂದು ಬೆರಗುಗೊಳಿಸಬೇಕು ಎಂದುಕೊಳ್ಳುತ್ತ ನಕ್ಷೆಗಾರರು ಹೊಸ್ತಿಲು ದಾಟಿದರು.

ಕಿಟಕಿಯ ಪಕ್ಕ ದೊಡ್ಡಮ್ಮ ಕೂತಿದ್ದರು. ಒಂದು ಕುರ್ಚಿಯಲ್ಲಿ ತಾವು, ಇನ್ನೊಂದರ ಮೇಲೆ ಬರಿಗಾಲು. ಮುಂದೆ ಹಬೆಯಾಡುವ ತಟ್ಟೆ.

“ಬಂದ್ರಾ?” ಎಂದರು ದೊಡ್ಡಮ್ಮ, ತುತ್ತನ್ನು ನಿಧಾನವಾಗಿ ಮುಗಿಸಿ.

ಒಲೆಯ ಮುಂದಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇವರೇನಾ ಮಗಳೇ, ಸೂಪನ್ನ ಸಮುದ್ರಕ್ಕೆ ಬಿಟ್ಟವರು?”

“ಇವರೇ.”

ಮೂಲೆಯಲ್ಲಿ ಉಣ್ಣುತ್ತಿದ್ದ ದೋಣಿಯವರು ಮೂವರು, ಪರಿಚಿತರನ್ನು ಕಂಡಂತೆ ತಲೆದೂಗಿದರು. ನಕ್ಷೆಗಾರರಿಗೆ ತಮ್ಮ ಕೀರ್ತಿ ತಮಗಿಂತ ಮೊದಲೇ ಬಂದು ಇಲ್ಲಿ ಊಟ ಮಾಡಿಕೊಂಡು ಹೋಗಿದೆ ಎಂದು ಅರ್ಥವಾಯಿತು.

“ಯಾವಾಗಿಂದ?” ಎಂದರು, ದವಡೆ ಹಿಡಿದುಕೊಂಡು.

“ಮೊದಲ ದಿನದಿಂದ. ಆ ಬನ್ನು ತಿಂದ ಮೇಲೆ ಹೀಗೇ ನಡೀತಾ ಇದ್ದೆ. ಈರುಳ್ಳಿ ಹದ ರಸ್ತೆಯಿಂದಲೇ ಗೊತ್ತಾಯ್ತು.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ನಕ್ಷೆಗೆ ಹಾಕ್ತಿದ್ರಿ. ಆಮೇಲೆ ಇದೂ ಸಿಗ್ತಿರಲಿಲ್ಲ.”

ಮೂವರಲ್ಲಿ ಒಬ್ಬನಿಗೆ ಕೆಮ್ಮು ಬಂತು. ನಕ್ಷೆಗಾರರು ಕುರ್ಚಿ ಹುಡುಕಿದರು. ಆದರೆ ಅಜ್ಜಿ ಸೌಟೊಂದನ್ನು ಅವರ ಕೈಗೆ ಕೊಟ್ಟರು. “ನನಗಿರೋದು ಎರಡೇ ಕೈ. ಇಲ್ಲಿ ಕೊನೆಗೆ ಬಂದವರು ಬಡಿಸಬೇಕು. ಇನ್ನೊಬ್ಬರು ಬರೋ ತನಕ.”

ಹೀಗೆ ಹನ್ನೊಂದು ಚುಕ್ಕೆಗಳ ಒಡೆಯರು ಸೌಟು ಹಿಡಿದರು. ದೋಣಿಯವರಿಗೆ ಬಡಿಸಿದರು, ಒಬ್ಬನ ಲೋಟಕ್ಕೂ ಬಡಿಸಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಹೆಂಡತಿಯ ತಟ್ಟೆಗೆ ಬಗ್ಗಿದರು. ಹೊರಗೆ ನೀರಿನ ಮೇಲೆ ಬಿಸಿಲು ಚೂರುಚೂರಾಗಿ ತೇಲುತ್ತಿತ್ತು. ಅದರ ಬೆಳಕು ಒಳಗೆ ಬಂದು ಚಾವಣಿಯಲ್ಲಿ ಅಲೆಯಾಡುತ್ತ, ದೊಡ್ಡಮ್ಮನ ಹಣೆಯ ಮೇಲೂ ಹಾಯುತ್ತಿತ್ತು. ಅವರು ಅವಸರವಿಲ್ಲದೆ ಊದಿ, ಆರಿಸಿ, ತಿನ್ನುತ್ತಿದ್ದರು. ಹೆಂಡತಿ ಕೂತು ಉಣ್ಣುವುದನ್ನು ತಾವು ಕೊನೆಯ ಸಲ ಯಾವಾಗ ನೋಡಿದ್ದು ಎಂದು ನಕ್ಷೆಗಾರರು ನೆನಪಿಸಿಕೊಳ್ಳಲು ಹೋದರು. ನೆನಪಾಗಲಿಲ್ಲ. ದವಡೆ ನೋಯುತ್ತಿರುವುದೂ ಮರೆತು, ಸೌಟು ಹಿಡಿದು ನಿಂತೇ ಇದ್ದರು.

“ಇನ್ನೊಂದು ಸ್ವಲ್ಪ ಹಾಕಿ” ಎಂದರು ದೊಡ್ಡಮ್ಮ. “ನಿಮಗೆ ಅಜ್ಜಿ ಅನ್ನ ಮೆತ್ತಗೆ ಬೇಯಿಸಿಟ್ಟಿದಾರೆ. ನಿನ್ನೇನೇ ಹೇಳಿದ್ದೆ.”

ನಕ್ಷೆಗಾರರು ಮತ್ತೆ ಬಗ್ಗಿದರು. ಹಾಕಿದರು. ಸ್ವಲ್ಪ ಹೆಚ್ಚೇ ಹಾಕಿದರು.

ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಹೊತ್ತ ಪ್ರವಾಸಿಯೊಬ್ಬ ಕಾಣಿಸಿಕೊಂಡ. ಬಿಸಿಲಲ್ಲಿ ಅಲೆದು ಬಸವಳಿದಿದ್ದ. ಸೌಟು ಹಿಡಿದ ಗಂಭೀರ ಮುಖದ ವ್ಯಕ್ತಿಯನ್ನು ಕಂಡು, ಇವರೇ ಇಲ್ಲಿನ ಯಜಮಾನರಿರಬೇಕೆಂದುಕೊಂಡು ಕೇಳಿದ, “ಸಾರ್, ಇಲ್ಲಿ ಏನು ಚೆನ್ನಾಗಿರುತ್ತೆ?”

ನಕ್ಷೆಗಾರರ ಎದೆ ತಾನಾಗಿ ಉಬ್ಬಿತು. ಗಂಟಲು ಸರಿಮಾಡಿಕೊಂಡು, ಸೌಟನ್ನು ಸ್ವಲ್ಪ ಮೇಲೆತ್ತಿ, “ನೋಡಿ, ಈ ಊರಿನಲ್ಲಿ ಊಟ ಅಂದರೆ” ಎಂದು ಆರಂಭಿಸಿದರು.

ದೊಡ್ಡಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. “ನನ್ನ ಕೇಳಿ, ಹೇಳ್ತೀನಿ” ಎಂದರು. “ಅವರು ಇಲ್ಲಿಗೆ ಹೊಸಬರು.”